ಬೇಯಿಸಿದ ಚಟ್ಲಿಗೆ ಯಾವ ಹುಳಿ?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರದ ಊರು. ನನ್ನ ಯಜಮಾನರು ಸರಕು ಹಡಗಿನಲ್ಲಿ ಎಂಜಿನಿಯರ್. ಅವರ ಜೊತೆ ಹಲವು ವರ್ಷ ಕೆಲಸ ಮಾಡಿದ ಫಿಲಿಪಿನೊ ಸಹೋದ್ಯೋಗಿಯೊಬ್ಬರು ಡಿಸೆಂಬರಿನಲ್ಲಿ ಪತ್ನಿಯ ಜೊತೆ ಭಾರತ ನೋಡಲು ಬರುತ್ತಿದ್ದಾರೆ. ಒಂದು ದಿನ ನಮ್ಮ ಮನೆಯಲ್ಲೇ ಊಟ. ಆವಿಯಲ್ಲಿ ಬೇಯಿಸಿದ ಸಿಗಡಿ (ನಮ್ಮ ಕಡೆಯ ಚಟ್ಲಿ) ಎಂದರೆ ಅವರಿಗೆ ಪ್ರಾಣವಂತೆ, ಜೊತೆಗೆ ಅವರ ಕಡೆಯ ಸಾಸ್‌ಗಳು ಬೇಕಂತೆ. ಅಂತರ್ಜಾಲದಲ್ಲಿ ಹುಡುಕಿ ಕಲಮನ್ಸಿ ಎಂಬ ಪುಟ್ಟ ಹುಳಿ ಹಣ್ಣು, ಪತೀಸ್ ಎಂಬ ಮೀನಿನ ಸಾಸ್, ಬಗೂಂಗ್ ಎಂಬ ಉಪ್ಪಿನಲ್ಲಿ ಹುದುಗಿಸಿದ ಮೀನು-ಸಿಗಡಿಯ ಗೊಜ್ಜು, ಬಾಳೆಹಣ್ಣಿನ ಕೆಚಪ್ ಎಂದು ಪಟ್ಟಿ ಮಾಡಿಟ್ಟಿದ್ದೇನೆ. ಇಲ್ಲಿ ಒಂದೂ ಸಿಗುವುದಿಲ್ಲ. ಬದಲಿಗೆ ಏನು ಬಳಸಲಿ? ಯಾವ ಸಾಸ್ ಮಾಡಲಿ? ಮಸಾಲೆಯೇ ಇಲ್ಲದ ಚಟ್ಲಿಯನ್ನು ಮನೆಗೆ ಬಂದವರಿಗೆ ಬಡಿಸುವುದು ಹೇಗೆ ಎಂದು ಅತ್ತೆಯವರು ಬೇರೆ ಬೇಸರಿಸಿಕೊಂಡಿದ್ದಾರೆ.

ಉತ್ತರ: ಪಟ್ಟಿಯಿಂದ ಬಾಳೆಹಣ್ಣಿನ ಕೆಚಪ್ಪನ್ನು ಈಗಲೇ ಹೊಡೆದು ಹಾಕಿ. ಬಗೂಂಗಿಗೂ ಒಂದು ಗೀಟು ಎಳೆಯಿರಿ. ಪತೀಸ್ ಸಿಕ್ಕರೆ ಸಿಗಲಿ, ಸಿಗದಿದ್ದರೆ ಊಟ ನಿಲ್ಲುವುದಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಸ್ತುವೇ ಇಲ್ಲ. ಅದು ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರ್. ಕರಾವಳಿಯಲ್ಲಿ ಕುಳಿತು ಫಿಲಿಪಿನೊ ಸಾಮಗ್ರಿ ಸಿಗುವುದಿಲ್ಲ ಎಂದು ಕೊರಗುತ್ತಿದ್ದೀರಿ, ಬೇಕಾದದ್ದರ ಮೂಲ ನಿಮ್ಮ ಹಿತ್ತಿಲಿನ ಮರದಲ್ಲೇ ಇದೆ.

ಈ ಮಾತನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಕಲಿತವನು ನಾನು. ಅಲ್ಲಿ ನನ್ನ ಮೇಲಿದ್ದ ಮುಖ್ಯ ಅಡುಗೆಯವರು ಫಿಲಿಪೀನ್ಸಿನ ಇಲೊಯ್ಲೊ ಪಟ್ಟಣದವರು. ಫಿಲಿಪಿನೊ ನಾವಿಕರು ಹಡಗಿನ ಮುಖ್ಯ ಅಡುಗೆಯವನನ್ನು ‘ಮಾಯೋರ್’ ಎಂದು ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ಮೊದಲ ವಾರ ಅವರು ಬೇಯಿಸಿದ ಸಿಗಡಿಯ ತಟ್ಟೆಯನ್ನು ಮೇಜಿಗೆ ಕೊಂಡೊಯ್ಯಲು ಹೇಳಿದಾಗ, ನಮ್ಮವರ ಅಭ್ಯಾಸದಂತೆ ‘ಇದಕ್ಕೆ ಮಸಾಲೆ ಯಾವಾಗ ಹಾಕುತ್ತೀರಿ?’ ಎಂದು ಕೇಳಿದ್ದೆ. ಅವರು ಒಂದು ಟ್ರೇಯಲ್ಲಿ ನಾಲ್ಕು ಸೀಸೆ, ಒಂದು ಬಟ್ಟಲು ಮೆಣಸು, ಒಂದು ಬಟ್ಟಲು ಜಜ್ಜಿದ ಬೆಳ್ಳುಳ್ಳಿ, ಒಂದರ ಮೇಲೊಂದು ಪೇರಿಸಿದ ಸಣ್ಣ ತಟ್ಟೆಗಳನ್ನು ಇಟ್ಟು ನನ್ನ ಕೈಗೆ ಕೊಟ್ಟರು. ಅದೇ ಉತ್ತರ. ನಿಮಗೆ ಈಗ ಹೇಳಬೇಕಾದದ್ದೂ ಹೆಚ್ಚು ಕಡಿಮೆ ಅಷ್ಟೇ, ಉಳಿದದ್ದು ವಿವರ.

ಆ ಟ್ರೇಯಲ್ಲಿದ್ದುದಕ್ಕೆ ಫಿಲಿಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ‘ಸಾವ್‌ಸಾವನ್’ ಎನ್ನುತ್ತಾರೆ. ‘ಸಾವ್‌ಸಾವ್’ ಎಂದರೆ ಅದ್ದುವುದು. ಸಾಸ್ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಸಾಸ್ ಎಂದರೆ ಅಡುಗೆಯವರು ಮಾಡಿ ಮುಗಿಸಿದ ಪದಾರ್ಥ. ಸಾವ್‌ಸಾವನ್ ಅನ್ನು ಮಾಡಿ ಮುಗಿಸುವವನು ಉಣ್ಣುವವನು. ಒಬ್ಬನಿಗೆ ವಿನೆಗರಿಗೆ ಬೆಳ್ಳುಳ್ಳಿ ಮಾತ್ರ ಸಾಕು, ಇನ್ನೊಬ್ಬನಿಗೆ ಐದು ಮೆಣಸು ನುರಿಯಬೇಕು, ಮೂರನೆಯವನು ಸೋಯಾ ಸಾಸ್‌ಗೆ ಹಣ್ಣು ಹಿಂಡುತ್ತಾನೆ. ಪ್ರತಿಯೊಬ್ಬರ ಮುಂದೆಯೂ ಒಂದು ಅಂಗೈಯಗಲದ ತಟ್ಟೆ, ಅದರಲ್ಲಿ ಅವರವರ ಹುಳಿ, ಉಪ್ಪು, ಖಾರ. ಫಿಲಿಪೀನ್ಸಿನ ಆಹಾರದ ಬಗ್ಗೆ ಬಹಳ ಆಳವಾಗಿ ಬರೆದ ಡೋರೀನ್ ಫರ್ನಾಂಡೆಸ್ (1934–2002) ಇದನ್ನೇ ಎತ್ತಿ ಹೇಳುತ್ತಿದ್ದರು: ಅಲ್ಲಿ ಅಡುಗೆಯ ರುಚಿಯಲ್ಲಿ ಉಣ್ಣುವವನಿಗೂ ಪಾಲಿದೆ, ಅವನು ರುಚಿ ಬದಲಿಸಿಕೊಂಡರೆ ಅಡುಗೆಯವರು ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ನಮಗೂ ಇದು ಪೂರ್ತಿ ಅಪರಿಚಿತವಲ್ಲ. ಬಾಳೆಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ನಿಂಬೆಯ ಹೋಳು ಬಡಿಸುವುದು ಯಾತಕ್ಕೆ? ಅದೇ ಬಾಳೆಲೆಯ ತುದಿ ಅವರಲ್ಲಿ ಮೇಜಿನ ನಡುವಿಗೆ ಬಂದು ಕುಳಿತಿದೆ ಎಂದುಕೊಳ್ಳಿ.

ಹಾಗಾಗಿ ನೀವು ಮೂರು ಸಾಸ್ ಮಾಡಿ ಮೂರು ಬಟ್ಟಲಿಗೆ ಸುರಿದು ಇಡುವ ಯೋಚನೆ ಬಿಡಿ. ಒಂದನ್ನು ಮಾತ್ರ ಮುಂಚಿತವಾಗಿ ಮಾಡಿ. ಉಳಿದವುಗಳಿಗೆ ಸಾಮಗ್ರಿ ಜೋಡಿಸಿ ಇಡಿ.

ಮುಂಚಿತವಾಗಿ ಮಾಡಬೇಕಾದದ್ದು ವಿನೆಗರಿನದು. ಅವರ ಭಾಷೆಯಲ್ಲಿ ವಿನೆಗರಿಗೆ ‘ಸೂಕಾ’ ಎಂದು ಹೆಸರು. ಮಲಯ ಭಾಷೆಯ ‘ಚುಕಾ’ ಇದರ ಅಕ್ಕನಂಥ ಪದ, ಅದರ ಬೇರು ಸಂಸ್ಕೃತದ ‘ಚುಕ್ರ’, ಅಂದರೆ ಹುಳಿ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ಊರಿಗೊಂದು ಸೂಕಾ. ಉತ್ತರದ ಇಲೊಕೊಸ್ ಸೀಮೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ಹುದುಗಿಸಿ ‘ಬಾಸಿ’ ಎಂಬ ಮದ್ಯ ಮಾಡುತ್ತಾರೆ, ಅದು ಹುಳಿಯಾದರೆ ಕಂದು ಬಣ್ಣದ ಸುಕಾಂಗ್ ಇಲೊಕೊ. ಮನಿಲಾದ ಉತ್ತರಕ್ಕಿರುವ ಬುಲಾಕಾನ್ ಪ್ರಾಂತ್ಯದ ಪಾವೊಂಬೊಂಗ್ ಎಂಬ ಊರು ನೀಪಾ ತಾಳೆಯ ವಿನೆಗರಿಗೆ ಹೆಸರಾಗಿದೆ, ಈ ತಾಳೆ ಹಿನ್ನೀರಿನ ಕೆಸರಿನಲ್ಲಿ ಬೆಳೆಯುವಂಥದ್ದು. ಅಲ್ಲಿಂದ ದಕ್ಷಿಣಕ್ಕೆ ವಿಸಾಯಸ್ ದ್ವೀಪಗಳಿಗೆ ಬಂದರೆ ಎಲ್ಲೆಲ್ಲೂ ತೆಂಗು. ಹೊಂಬಾಳೆ ಕೆತ್ತಿ ಇಳಿಸಿದ ಕಳ್ಳಿಗೆ ಅವರು ‘ತುಬಾ’ ಎನ್ನುತ್ತಾರೆ. ಲೇತೆ ಮತ್ತು ಸಮಾರ್ ದ್ವೀಪಗಳಲ್ಲಿ ಕಾಂಡ್ಲಾ ಜಾತಿಯ ಮರದ ತೊಗಟೆಯ ಪುಡಿ ಬೆರೆಸುವುದರಿಂದ ತುಬಾ ಕೆಂಪಗಿರುತ್ತದೆ. ಕುಡಿಯುವ ಹದ ದಾಟಿ, ವಾರಗಟ್ಟಲೆ ಗಾಳಿಯಾಡುತ್ತ ಕುಳಿತರೆ ಮದ್ಯದ ಅಂಶವನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ, ತುಬಾ ಸೂಕಾ ಆಗುತ್ತದೆ. ನಮ್ಮ ಮೂರ್ತೆದಾರರು ಇಳಿಸುವ ತೆಂಗಿನ ಕಳ್ಳು ಹುಳಿತು ಆಗುವುದೂ ಇದೇ. ಮರ ಒಂದೇ, ಇಳಿಸುವ ವಿದ್ಯೆಯೂ ಹೆಚ್ಚು ಬೇರೆಯಲ್ಲ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಹಂದಿ ಮಾಂಸದ ಇಂದಾದ್‌ಗೆ ಹಾಕುವ ಕಳ್ಳಿನ ವಿನೆಗರ್ ಅನ್ನು ವಿಚಾರಿಸಿ. ಗೋವಾದಿಂದ ಬರುವ ತೆಂಗಿನ ವಿನೆಗರ್ ಕೂಡ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಸ್ವಲ್ಪ ಮಬ್ಬಾಗಿರುತ್ತದೆ, ತಳದಲ್ಲಿ ಗಸಿ ಇರುತ್ತದೆ, ಅದು ದೋಷವಲ್ಲ. ಗೋಬಿ ಮಂಚೂರಿಯ ಗಾಡಿಯಲ್ಲಿ ಕಾಣುವ ನೀರಿನಂತೆ ತಿಳಿಯಾದ ವಿನೆಗರನ್ನು ಮಾತ್ರ ತರಬೇಡಿ. ಅದರ ಚೀಟಿಯಲ್ಲಿ ‘ಸಿಂಥೆಟಿಕ್’ ಎಂದು ಬರೆದಿರುತ್ತದೆ. ಅಸೆಟಿಕ್ ಆಮ್ಲಕ್ಕೆ ನೀರು ಬೆರೆಸಿದ ಸರಕು ಅದು. ಹುಳಿ ಇದೆ, ಹಿಂದೆ ಏನೂ ಇಲ್ಲ. ಮಸಾಲೆಯಲ್ಲಿ ಮುಳುಗಿ ಬೆಂದರೆ ವ್ಯತ್ಯಾಸ ಗೊತ್ತಾಗದಿರಬಹುದು, ಆದರೆ ಇಲ್ಲಿ ವಿನೆಗರ್ ಹಸಿಯಾಗಿಯೇ ನಾಲಗೆಗೆ ತಾಗುತ್ತದೆ. ಕಳ್ಳಿನದು ಸಿಗಲೇ ಇಲ್ಲವೆಂದರೆ ಕಬ್ಬಿನ ವಿನೆಗರ್ ತನ್ನಿ. ಅದೂ ಅಪ್ಪಟ ಫಿಲಿಪಿನೊ, ಅಲ್ಲಿನ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವುದು ಕಬ್ಬಿನದೇ. ಸೇಬಿನ ವಿನೆಗರ್ ಬೇಡ, ಅದರ ಹಣ್ಣಿನ ಪರಿಮಳ ಸಿಗಡಿಯ ಜೊತೆ ಜಗಳ ಆಡುತ್ತದೆ. ಕೊಡಗಿನ ಕಾಚಂಪುಳಿಯನ್ನು ಹಾಕಬಹುದೇ ಎಂದು ಹಿಂದೊಮ್ಮೆ ಒಬ್ಬರು ಕೇಳಿದ್ದರು. ಹಂದಿ ಮಾಂಸಕ್ಕೆ ಅದರ ಸಮ ಬೇರೊಂದಿಲ್ಲ, ಆದರೆ ಆ ಕಪ್ಪು ಗಾಢ ಹುಳಿಗೆ ಅದ್ದಿದರೆ ಸಿಗಡಿ ಇತ್ತೋ ಇಲ್ಲವೋ ಎಂದು ಹುಡುಕಬೇಕಾಗುತ್ತದೆ.

ಒಂದು ಲೋಟ, ಅಂದರೆ ಸುಮಾರು 200 ಮಿಲಿಲೀಟರ್ ವಿನೆಗರಿಗೆ ಎಂಟು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಶುಂಠಿ, ಹತ್ತು ಹನ್ನೆರಡು ಕಾಳುಮೆಣಸು, ಆರು ಸೂಜಿಮೆಣಸು, ಮುಕ್ಕಾಲು ಟೀ ಚಮಚ ಉಪ್ಪು. ಬೆಳ್ಳುಳ್ಳಿಯನ್ನು ಚೂರಿಯಿಂದ ಕೊಚ್ಚಬೇಡಿ, ಸಿಪ್ಪೆ ಸುಲಿದು ಒಮ್ಮೆ ಜಜ್ಜಿದರೆ ಸಾಕು. ಕೊಚ್ಚಿದ್ದು ಬೇಗ ಕಟುವಾಗುತ್ತದೆ, ಜಜ್ಜಿದ್ದು ನಿಧಾನವಾಗಿ ಬಿಡುತ್ತದೆ. ಶುಂಠಿ ತೆಳ್ಳಗಿನ ಬಿಲ್ಲೆಗಳಾಗಲಿ. ಮೆಣಸಿನಲ್ಲಿ ಎರಡನ್ನು ಸೀಳಿ, ನಾಲ್ಕನ್ನು ಇಡಿಯಾಗಿ ಬಿಡಿ. ಎಲ್ಲವನ್ನೂ ಗಾಜಿನ ಸೀಸೆಗೆ ತುಂಬಿ ಪ್ಲಾಸ್ಟಿಕ್ ಮುಚ್ಚಳ ಹಾಕಿ. ತಗಡಿನ ಮುಚ್ಚಳವಾದರೆ ಆಮ್ಲ ಅದನ್ನು ತಿನ್ನುತ್ತದೆ. ಅತಿಥಿಗಳು ಬರುವ ಮೂರು ನಾಲ್ಕು ದಿನ ಮೊದಲು ಮಾಡಿಟ್ಟರೆ ರುಚಿ ಕೂಡಿಕೊಂಡಿರುತ್ತದೆ. ಇದು ಇಲೊಯ್ಲೊ ಕಡೆಯವರ ‘ಸಿನಮಾಕ್’. ಅಲ್ಲಿನ ಮನೆಗಳಲ್ಲಿ, ಸಣ್ಣ ಹೋಟೆಲುಗಳ ಮೇಜುಗಳ ಮೇಲೆ ಈ ಸೀಸೆ ಕಾಯಂ. ತಳಕ್ಕಿಳಿದಂತೆ ವಿನೆಗರ್ ಸುರಿದು ಮತ್ತೆ ತುಂಬುತ್ತಾರೆ. ಅವರು ಶುಂಠಿಯ ಜೊತೆಗೆ ‘ಲಂಗ್ಕವಾಸ್’ ಎಂಬ ಗೆಡ್ಡೆಯನ್ನೂ ಹಾಕುತ್ತಾರೆ, ನಮ್ಮ ದುಂಪರಾಸ್ಮೆಯ ಬಳಗದ್ದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಣಗಿದ ಚೂರು ಇದಕ್ಕೆ ಬರುವುದಿಲ್ಲ, ಔಷಧದ ವಾಸನೆ ಹೊಡೆಯುತ್ತದೆ. ಹಸಿಯದು ಸಿಕ್ಕರೆ ಎರಡು ಬಿಲ್ಲೆ ಹಾಕಿ. ಮಾವಿನಶುಂಠಿಯನ್ನು ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಇಲಿಗಾನ್ ನಗರದ ಕಡೆ ಇದೇ ಬಗೆಯ, ಇನ್ನಷ್ಟು ಖಾರದ ‘ಪಿನಕುರಾತ್’ ಇದೆ. ಮೆಣಸನ್ನು ಎರಡು ಪಟ್ಟು ಮಾಡಿದರೆ ಆ ದಿಕ್ಕಿಗೆ ಹೋಗುತ್ತೀರಿ.

ಮೆಣಸಿನ ಬಗ್ಗೆ ಒಂದು ಮಾತು. ಅಲ್ಲಿನ ‘ಸಿಲಿಂಗ್ ಲಬೂಯೊ’ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ, ಗಿಡದಲ್ಲಿ ಮೇಲ್ಮುಖವಾಗಿ ನಿಲ್ಲುವ ಕಾಯಿ. ನಮ್ಮ ಸೂಜಿಮೆಣಸು ಅಥವಾ ಗಾಂಧಾರಿ ಅದಕ್ಕೆ ತೀರಾ ಹತ್ತಿರ. ಬ್ಯಾಡಗಿಯಿಂದ ಇಲ್ಲಿ ಪ್ರಯೋಜನವಿಲ್ಲ, ಅದರ ಗುಣವೆಲ್ಲ ಬಣ್ಣದಲ್ಲಿದೆ, ವಿನೆಗರಿಗೆ ಬೇಕಾದದ್ದು ಚುರುಕು. ಎರಡೂ ಕಡೆಯ ಮೆಣಸು ಹೊರಗಿನಿಂದ ಬಂದದ್ದೇ. ಅವರಿಗೆ ಮೆಕ್ಸಿಕೊದ ಅಕಪುಲ್ಕೊದಿಂದ ಮನಿಲಾಕ್ಕೆ ಬರುತ್ತಿದ್ದ ಸ್ಪೇನಿನ ಹಡಗುಗಳು ತಂದವು, ನಮಗೆ ಪೋರ್ಚುಗೀಸರು ತಂದರು. ಆ ಹಡಗುಗಳಲ್ಲೇ ಫಿಲಿಪಿನೊ ನಾವಿಕರು ಮೆಕ್ಸಿಕೊದ ಪಶ್ಚಿಮ ಕರಾವಳಿಗೆ ಹೋಗಿ ಕಳ್ಳು ಇಳಿಸುವುದನ್ನು ಕಲಿಸಿದರು, ಅಲ್ಲಿನ ಕೊಲೀಮಾದಲ್ಲಿ ಇಂದಿಗೂ ಅದರ ಹೆಸರು ತುಬಾ. ಹಡಗಿನವರು ಎಲ್ಲಿ ಹೋದರೂ ತಮ್ಮ ಸೀಸೆಯನ್ನು ಬಿಟ್ಟು ಹೋಗುವುದಿಲ್ಲ ಎನ್ನುವುದು ನನ್ನ ಅನುಭವವೂ ಹೌದು.

ಎರಡನೆಯದು ತೊಯೊ ಮತ್ತು ಕಲಮನ್ಸಿ, ಸೇರಿಸಿ ‘ತೊಯೊಮನ್ಸಿ’. ತೊಯೊ ಎಂದರೆ ಸೋಯಾ ಸಾಸ್, ಚೀನಾದ ಹೊಕ್ಕಿಯೆನ್ ವರ್ತಕರ ಜೊತೆ ಬಂದ ಪದ. ಕಲಮನ್ಸಿ ಗೋಲಿಗಿಂತ ಸ್ವಲ್ಪ ದೊಡ್ಡ ಹಣ್ಣು. ಸಿಪ್ಪೆ ಹಸಿರು, ಒಳಗೆ ಕಿತ್ತಳೆ ಬಣ್ಣ. ಕಿತ್ತಳೆಯ ಜಾತಿಯೂ ಕುಮ್‌ಕ್ವಾಟ್ ಎಂಬ ಪುಟ್ಟ ಹಣ್ಣಿನ ಜಾತಿಯೂ ಬೆರೆತು ಹುಟ್ಟಿದ್ದರಿಂದ ನಿಂಬೆಯ ಹುಳಿಯಲ್ಲಿ ಕಿತ್ತಳೆಯ ವಾಸನೆ ಇರುತ್ತದೆ. ಇದಕ್ಕೆ ಬದಲಿ ಕಷ್ಟವಿಲ್ಲ. ಮೂರು ಪಾಲು ನಿಂಬೆರಸಕ್ಕೆ ಒಂದು ಪಾಲು ಕಿತ್ತಳೆ ರಸ ಸೇರಿಸಿ. ಡಿಸೆಂಬರ್ ಎನ್ನುತ್ತೀರಿ, ಕೊಡಗಿನ ಕಿತ್ತಳೆ ಸಿಗುವ ಕಾಲ. ಸಡಿಲ ಸಿಪ್ಪೆಯ ಆ ಹಣ್ಣೇ ಇದಕ್ಕೆ ಸರಿ, ಪೊಟ್ಟಣದ ಸಿಹಿ ರಸ ಬೇಡವೇ ಬೇಡ. ಕಿತ್ತಳೆಯ ಸಿಪ್ಪೆಯನ್ನು ಬಟ್ಟಲಿನ ಮೇಲೆ ಒಮ್ಮೆ ಮಡಚಿ ಹಿಂಡಿದರೆ ಹಾರುವ ಎಣ್ಣೆಯ ಹನಿಗಳಲ್ಲಿ ಕಲಮನ್ಸಿಯ ಅರ್ಧ ಪರಿಮಳ ಬಂದುಬಿಡುತ್ತದೆ. ಈ ಉಪಾಯವನ್ನು ಮಾಯೋರ್ ಅವರಿಗೆ ನಾನು ಕಲಿಸಿದೆ, ಅವರಿಗೆ ನಾನು ಕಲಿಸಿದ್ದು ಅದೊಂದೇ.

ಸೋಯಾ ಸಾಸ್‌ನಲ್ಲಿ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ‘ಡಾರ್ಕ್’ ಎಂದು ಮಾರುವುದು ಸುಟ್ಟ ಸಕ್ಕರೆಯ ಬಣ್ಣದಿಂದ ಮಂದವಾಗಿರುತ್ತದೆ, ಅದು ಹುರಿದ ಅನ್ನಕ್ಕೆ ಸರಿ. ತೆಳ್ಳಗಿನ ‘ಲೈಟ್’ ಸೋಯಾ ತನ್ನಿ. ಇಲ್ಲಿ ‘ಲೈಟ್’ ಎಂದರೆ ಉಪ್ಪು ಕಡಿಮೆ ಎಂದಲ್ಲ, ಬಣ್ಣ ಕಡಿಮೆ ಎಂದು. ಒಬ್ಬರ ತಟ್ಟೆಗೆ ಎರಡು ಚಮಚ ಸೋಯಾ, ಒಂದೂವರೆ ಚಮಚ ಹುಳಿ, ಒಂದು ಸೂಜಿಮೆಣಸು. ಆದರೆ ನೀವು ಬೆರೆಸಲು ಹೋಗಬೇಡಿ. ಸೋಯಾ ಒಂದು ಸಣ್ಣ ಹೂಜಿಯಲ್ಲಿ, ಹುಳಿರಸ ಇನ್ನೊಂದರಲ್ಲಿ ಇರಲಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ತಾಜಾ ಸಿಗಡಿಗೆ ತೊಯೊಮನ್ಸಿ ಎರಡನೆಯ ಸ್ಥಾನದ್ದು. ಸೋಯಾದ ಕಂದು ರುಚಿ ಸುಟ್ಟ ಮೀನಿಗೆ, ಸುಟ್ಟ ಹಂದಿಗೆ ಜೊತೆಯಾದಷ್ಟು ಚೆನ್ನಾಗಿ ಆವಿಯಲ್ಲಿ ಬೆಂದ ಎಳೆಯ ಚಟ್ಲಿಗೆ ಜೊತೆಯಾಗುವುದಿಲ್ಲ. ಮನಿಲಾದ ಕಡೆಯವರು ಇದನ್ನು ಕೇಳಿದರೆ ಒಪ್ಪಲಿಕ್ಕಿಲ್ಲ. ಇಲೊಯ್ಲೊದವರ ಕೈಕೆಳಗೆ ಕಲಿತವನ ಪಕ್ಷಪಾತ ಎಂದು ತಿಳಿಯಿರಿ.

ಪತೀಸ್ ಎಂದರೆ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದಾಗ ಮೇಲೆ ತೇಲುವ ಹೊನ್ನಿನ ಬಣ್ಣದ ತಿಳಿ. ಕೆಳಗೆ ಉಳಿಯುವ ಗಟ್ಟಿ ಬಗೂಂಗ್. ಥಾಯ್ ಮೀನಿನ ಸಾಸ್ ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ತರಿಸಿಕೊಂಡರೆ ಪತೀಸ್ ಬದಲಿಗೆ ಯಾರೂ ಬೇಡ ಎನ್ನುವುದಿಲ್ಲ. ಒಂದು ಪಾಲು ಅದು, ಎರಡು ಪಾಲು ನಿಂಬೆ-ಕಿತ್ತಳೆಯ ಹುಳಿ. ಉಪ್ಪು ಮತ್ತೆ ಬೇಡ. ಸಿಗದಿದ್ದರೆ ಉಪ್ಪನ್ನೇ ಹುಳಿಗೆ ಕದಡಿ ಇಟ್ಟುಬಿಡಿ.

ಬಗೂಂಗನ್ನು ಏಕೆ ಹೊಡೆದು ಹಾಕಿಸಿದೆ ಎಂದರೆ, ಸಾಮಾನ್ಯವಾಗಿ ಸಿಗುವ ‘ಬಗೂಂಗ್ ಅಲಮಾಂಗ್’ ಸಣ್ಣ ಸಿಗಡಿಯದೇ. ನಮ್ಮ ಒಣ ಸಿಗಡಿಗಿಂತಲೂ ಪುಟ್ಟವು, ಉಪ್ಪಿನಲ್ಲಿ ಹುದುಗಿಸಿದವು. ಸಿಗಡಿಯನ್ನು ಸಿಗಡಿಗೇ ಅದ್ದಿ ತಿನ್ನುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಲ್ಲಿಯೂ ಅದರ ನಿಜವಾದ ಜೋಡಿ ಹುಳಿ ಮಾವಿನಕಾಯಿಯ ಹೋಳು, ಮತ್ತು ಕಡಲೆಕಾಯಿ ರಸದಲ್ಲಿ ಬೇಯಿಸುವ ಕರೆ-ಕರೆ. ಮಾವಿನಕಾಯಿಯ ಕಾಲವೂ ಇದಲ್ಲ. ಇನ್ನು ಬಾಳೆಹಣ್ಣಿನ ಕೆಚಪ್. ಅದರ ಹಿಂದೆ ದೊಡ್ಡ ಹೆಣ್ಣುಮಗಳೊಬ್ಬಳಿದ್ದಾಳೆ: ಬತಾಂಗಸ್ ಪ್ರಾಂತ್ಯದ ಆಹಾರ ವಿಜ್ಞಾನಿ ಮರಿಯಾ ಒರೋಸಾ. ಟೊಮೆಟೊ ಸಾಕಷ್ಟು ಬೆಳೆಯದ ದೇಶದಲ್ಲಿ ಬಾಳೆಯಿಂದ ಕೆಚಪ್ ಮಾಡುವ ದಾರಿ ತೋರಿದವರೆಂದು ಆಕೆಯನ್ನು ನೆನೆಯುತ್ತಾರೆ. 1945ರ ಫೆಬ್ರವರಿಯಲ್ಲಿ ಮನಿಲಾ ಯುದ್ಧದ ಗುಂಡಿನ ಮಳೆಯಲ್ಲಿ ತೀರಿಕೊಂಡರು. ಆಕೆಗೆ ನಮಸ್ಕಾರ. ಆದರೆ ಆ ಕೆಚಪ್ ಕರಿದ ಕೋಳಿಗೆ, ಮಕ್ಕಳ ಸ್ಪಗೆಟ್ಟಿಗೆ ಸೇರಿದ್ದು, ಬೆಂದ ಸಿಗಡಿಯ ಹತ್ತಿರ ಸುಳಿಯಬಾರದು. ಮೇಯೊನೀಸ್ ಮತ್ತು ಸಿಹಿ ಚಿಲ್ಲಿ ಸಾಸ್‌ನ ವಿಷಯ ನೀವು ಕೇಳಿಲ್ಲ, ಒಳ್ಳೆಯದೇ ಆಯಿತು.

ಟೊಮೆಟೊ-ಈರುಳ್ಳಿ ಬೇಕಾದರೆ ಇರಲಿ. ಗಟ್ಟಿ ಟೊಮೆಟೊ ಎರಡು, ಸಣ್ಣ ಕೆಂಪು ಈರುಳ್ಳಿ ಮೂರು, ಸಣ್ಣಗೆ ಹೆಚ್ಚಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿ. ಕೊತ್ತಂಬರಿ ಸೊಪ್ಪು, ಮೊಸರು, ಒಗ್ಗರಣೆ ಯಾವುದೂ ಬೇಡ.

ಹುಳಿಯೇ ಏಕೆ ಎಂದು ನಿಮ್ಮ ಅತ್ತೆಯವರು ಕೇಳಿದರೆ ಹೀಗೆ ಹೇಳಿ. ಸಿಗಡಿಯ ಮಾಂಸಕ್ಕೆ ತನ್ನದೇ ಸಿಹಿ ಇದೆ. ಗ್ಲೈಸಿನ್ ಎಂಬ ಅಮೈನೊ ಆಮ್ಲ ಅದರಲ್ಲಿ ಧಾರಾಳ, ಅದು ನಾಲಗೆಗೆ ಸಿಹಿಯಾಗಿಯೇ ತಾಗುತ್ತದೆ. ಖಾರ ಮಸಾಲೆ ಆ ಸಿಹಿಯನ್ನು ಮುಚ್ಚುತ್ತದೆ, ಹುಳಿ ಎತ್ತಿ ತೋರಿಸುತ್ತದೆ. ಕಡಲ ಜೀವಿಗಳು ಹಳತಾದಂತೆ ಬರುವ ಕವುಚು ವಾಸನೆಗೆ ಕಾರಣವಾದ ವಸ್ತು ಕ್ಷಾರ ಗುಣದ್ದು, ಆಮ್ಲ ತಾಗಿದರೆ ಅದು ಹಾರುವ ಶಕ್ತಿ ಕಳೆದುಕೊಳ್ಳುತ್ತದೆ, ಮೂಗಿಗೆ ಬರುವುದಿಲ್ಲ. ಮೀನಿಗೆ ಹುಣಸೆಯನ್ನೋ ಪುನರ್ಪುಳಿಯನ್ನೋ ಹಾಕುವಾಗ ಅತ್ತೆಯವರು ಮಾಡುವುದೂ ಅದನ್ನೇ. ಹಾಗೆಂದು ಹಳಸಿದ ಸಿಗಡಿಯನ್ನು ವಿನೆಗರ್ ಕಾಪಾಡೀತು ಎಂದುಕೊಳ್ಳಬೇಡಿ. ಮಸಾಲೆಗೆ ನಿನ್ನೆಯ ಚಟ್ಲಿ ನಡೆದೀತು, ಇದಕ್ಕೆ ಇಂದಿನದೇ ಬೇಕು.

ಗಂಗೊಳ್ಳಿಯೋ ಮಲ್ಪೆಯೋ, ಬೆಳಿಗ್ಗೆಯೇ ಹೋಗಿ. ತಲೆ ಬಿಗಿಯಾಗಿರಬೇಕು, ತಲೆ-ಮೈ ಕೂಡುವ ಕಡೆ ಕಪ್ಪಾಗಿರಬಾರದು. ಫಿಲಿಪಿನೊಗಳು ಆವಿಗೆ ಆರಿಸುವುದು ‘ಸುವಾಹೆ’ ಎಂಬ ಮಧ್ಯಮ ಗಾತ್ರದ, ತೆಳು ಚಿಪ್ಪಿನ ಜಾತಿ. ದೊಡ್ಡ ಹುಲಿ ಸಿಗಡಿಗೆ ‘ಸುಗ್ಪೊ’ ಎನ್ನುತ್ತಾರೆ, ಅದು ಮದುವೆ ಮನೆಯ ಆಡಂಬರ. ನೀವೂ ಮಧ್ಯಮ ಗಾತ್ರದ್ದನ್ನೇ ತನ್ನಿ. ನಾಲ್ಕು ಜನಕ್ಕೆ ಒಂದೂವರೆ ಕಿಲೊ ಎಂದರೆ ಹೆಚ್ಚೇನಲ್ಲ, ತಲೆ ಚಿಪ್ಪು ಕಳೆದರೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ. ತಲೆ ಕೀಳಬೇಡಿ, ಚಿಪ್ಪು ಸುಲಿಯಬೇಡಿ. ಮೀಸೆ ಮತ್ತು ಮೂತಿಯ ಮುಳ್ಳನ್ನು ಕತ್ತರಿಯಿಂದ ಕತ್ತರಿಸಿದರೆ ಸಾಕು. ತಲೆಯೊಳಗಿನ ಕಿತ್ತಳೆ ಬಣ್ಣದ ಕೊಬ್ಬನ್ನು ಹೀರುವುದೇ ಅವರಿಗೆ ಊಟದ ಒಳ್ಳೆಯ ಭಾಗ. ಬೆನ್ನಿನ ನರ ತೆಗೆಯಲೇಬೇಕೆನಿಸಿದರೆ ಚಿಪ್ಪಿನ ಎರಡನೆಯ ಮತ್ತು ಮೂರನೆಯ ಗೆಣ್ಣಿನ ನಡುವೆ ಹಲ್ಲುಕಡ್ಡಿ ತೂರಿಸಿ ಎಳೆಯಿರಿ. ಒಂದು ಎಚ್ಚರಿಕೆ: ತಲೆಯಲ್ಲಿ ಮಾಂಸವನ್ನು ಕರಗಿಸುವ ಕಿಣ್ವಗಳಿರುತ್ತವೆ. ತಲೆಸಹಿತ ಸಿಗಡಿಯನ್ನು ಮಂಜುಗಡ್ಡೆಯಿಲ್ಲದೆ ಮಧ್ಯಾಹ್ನದವರೆಗೆ ಇಟ್ಟರೆ ಬೆಂದ ಮೇಲೆ ಮೈ ಹಿಟ್ಟಿನಂತಾಗುತ್ತದೆ.

ಇಡ್ಲಿ ಪಾತ್ರೆ ಸಾಕು. ವಾಸನೆ ಉಳಿಯುತ್ತದೆಂಬ ಅಂಜಿಕೆ ಇದ್ದರೆ ಹಳೆಯದನ್ನು ಬಳಸಿ, ಮರುದಿನ ಬೆಳಿಗ್ಗೆಯ ಇಡ್ಲಿಗೆ ನಾನು ಜವಾಬ್ದಾರನಲ್ಲ. ನೀರು ಕುದಿದು ಆವಿ ಭರದಿಂದ ಬರುವವರೆಗೆ ಸಿಗಡಿ ಒಳಗೆ ಹೋಗಬಾರದು. ತೂತಿನ ತಟ್ಟೆಯ ಮೇಲೆ ಅಂಚಿರುವ ಸ್ಟೀಲ್ ತಟ್ಟೆ ಇಟ್ಟು ಅದರಲ್ಲಿ ಒಂದೇ ಪದರವಾಗಿ ಹರಡಿ, ಸ್ವಲ್ಪ ಕಲ್ಲುಪ್ಪು ಉದುರಿಸಿ. ಮಧ್ಯಮ ಗಾತ್ರಕ್ಕೆ ಮೂರರಿಂದ ನಾಲ್ಕು ನಿಮಿಷ, ಅಷ್ಟೇ. ಬಣ್ಣ ಪೂರ್ತಿ ಕೆಂಪಾಗಿ ಮೈ ಸಡಿಲವಾಗಿ ಬಾಗಿದರೆ ಇಳಿಸಿ. ಬಾಲ ತಲೆಯನ್ನು ಮುಟ್ಟುವಂತೆ ಸುರುಳಿ ಸುತ್ತಿಕೊಂಡಿತೋ, ರಬ್ಬರಾಯಿತು. ಒಂದೂವರೆ ಕಿಲೊವನ್ನು ಮೂರು ಸಲವಾಗಿ ಬೇಯಿಸಿ, ಬಿಸಿಬಿಸಿಯಾಗಿ ಒಂದೊಂದೇ ತಟ್ಟೆ ಹೋಗಲಿ. ತಟ್ಟೆಯ ತಳದಲ್ಲಿ ನಿಲ್ಲುವ ಗುಲಾಬಿ ಬಣ್ಣದ ರಸವನ್ನು ಚೆಲ್ಲಿದರೆ ಈ ಉತ್ತರ ಬರೆದದ್ದು ವ್ಯರ್ಥ. ಅದನ್ನು ಬಟ್ಟಲಿಗೆ ಬಸಿದು ಮೇಜಿಗೆ ಕಳಿಸಿ. ತಮ್ಮ ಹುಳಿಗೆ ಒಂದೊಂದು ಚಮಚ ಬೆರೆಸಿಕೊಂಡರೆ ವಿನೆಗರಿನ ಮೊನೆ ಮೃದುವಾಗಿ ಸಿಗಡಿಯ ಮೈಗೆ ಹಿಡಿಯುತ್ತದೆ. ಇದನ್ನು ಸಿನಮಾಕ್ ಸೀಸೆಗೆ ಮಾತ್ರ ಸುರಿಯಬೇಡಿ, ಕೆಟ್ಟುಹೋಗುತ್ತದೆ.

ನಿಮ್ಮ ಅತಿಥಿಯ ಪತ್ನಿ ಅಡುಗೆಮನೆಗೆ ಬಂದು ‘ಹಲಬೋಸ್ ಮಾಡೋಣವೇ?’ ಎಂದರೆ ಗಾಬರಿ ಬೇಡ. ಹಲಬೋಸ್ ಎಂದರೆ ಬಾಣಲೆಯಲ್ಲಿ ಉಪ್ಪು ಮತ್ತು ತೀರಾ ಕಡಿಮೆ ನೀರಿನೊಂದಿಗೆ ಮುಚ್ಚಿ, ಸಿಗಡಿ ತನ್ನದೇ ರಸದಲ್ಲಿ ಬೇಯುವಂತೆ ಮಾಡುವುದು. ಅಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಬದಲು ಸ್ಪ್ರೈಟ್ ಸುರಿಯುತ್ತಾರೆ, ಸಕ್ಕರೆ ಇಂಗಿ ಹೊಳಪು ಬರುತ್ತದೆ. ನನಗೆ ಅದು ಹಿಡಿಸುವುದಿಲ್ಲ, ನಾನಾದರೆ ಅರ್ಧ ಲೋಟ ಎಳನೀರು ಹಾಕುತ್ತೇನೆ. ಆದರೆ ಆಕೆ ಸ್ಪ್ರೈಟ್ ಕೇಳಿದರೆ ತರಿಸಿಕೊಡಿ.

ಅನ್ನದ ವಿಷಯದಲ್ಲಿ, ಕುಚ್ಚಲಕ್ಕಿಯನ್ನು ಅವರು ಪ್ರೀತಿಯಿಂದ ಉಣ್ಣಬಹುದು, ಆದರೂ ಜೊತೆಗೆ ಒಂದಿಷ್ಟು ಬೆಳ್ತಿಗೆ ಅನ್ನವೂ ಇರಲಿ, ಸ್ವಲ್ಪ ಮೆತ್ತಗೆ, ಅಂಟಿಕೊಳ್ಳುವ ಹಾಗೆ. ಸಿಗಡಿಯನ್ನು ಕೈಯಿಂದಲೇ ಸುಲಿದು ತಿನ್ನುತ್ತಾರೆ, ಕೈಯಲ್ಲಿ ಉಣ್ಣುವುದಕ್ಕೆ ಅವರಲ್ಲೂ ‘ಕಮಾಯನ್’ ಎಂಬ ಹೆಸರೇ ಇದೆ. ಚಿಪ್ಪು ಹಾಕಲು ನಡುವೆ ಒಂದು ದೊಡ್ಡ ಪಾತ್ರೆ, ಕೈ ತೊಳೆಯಲು ನಿಂಬೆ ಹೋಳು ಹಾಕಿದ ಬಿಸಿನೀರು. ಒಬ್ಬೊಬ್ಬರಿಗೆ ಎರಡೆರಡು ಪುಟ್ಟ ತಟ್ಟೆ ಇಡಿ, ಒಂದರಲ್ಲಿ ಸೂಕಾ, ಇನ್ನೊಂದರಲ್ಲಿ ತೊಯೊಮನ್ಸಿ ಬೆರೆಸಿಕೊಳ್ಳಲಿ. ಎರಡನ್ನೂ ಒಂದೇ ತಟ್ಟೆಗೆ ಸುರಿದುಕೊಂಡರೂ ನೀವು ಅಚ್ಚರಿಪಡಬೇಡಿ.

ಇನ್ನು ಅತ್ತೆಯವರ ಬೇಸರ. ಅದಕ್ಕೆ ಪರಿಹಾರ ಸುಲಭ. ಅರ್ಧ ಕಿಲೊ ಚಟ್ಲಿಯನ್ನು ಬೇರೆ ತೆಗೆದು ಅವರ ಕೈಯಿಂದಲೇ ಸುಕ್ಕ ಮಾಡಿಸಿ, ಮೇಜಿನ ಮೇಲೆ ಅದಕ್ಕೂ ಜಾಗ ಕೊಡಿ. ನಿಮ್ಮ ಅತಿಥಿಗಳು ಅದನ್ನು ಖಂಡಿತ ತಿನ್ನುತ್ತಾರೆ. ಆದರೆ ಒಂದು ಮಾತನ್ನು ಅತ್ತೆಯವರಿಗೆ ಮೊದಲೇ ಹೇಳಿಟ್ಟಿರಿ: ಕಾಯಿತುರಿಯ ಮಸಾಲೆ ಹತ್ತಿದ ಆ ಚಟ್ಲಿಯನ್ನೂ ಅವರು ಬಾಯಿಗೆ ಹಾಕುವ ಮೊದಲು ವಿನೆಗರಿಗೆ ಒಮ್ಮೆ ಅದ್ದುತ್ತಾರೆ. ಸುಕ್ಕವನ್ನು ಸೂಕಾಕ್ಕೆ ಅದ್ದಿದರು ಎಂದು ಅವರು ಒಳಗೆ ಹೋಗಿ ಕೂರಬಾರದು. ಹಡಗಿನಲ್ಲಿ ನಾನು ಮಾಡಿದ ಕೋಳಿ ಸುಕ್ಕಕ್ಕೂ ಮಾಯೋರ್ ಹಾಗೆಯೇ ಮಾಡಿದರು, ಆಮೇಲೆ ಎರಡನೆಯ ಸಲ ಬಡಿಸಿಕೊಂಡರು.